ಬಾಯಿಯ ಕ್ಯಾನ್ಸರಿನ ಕೋಶವಂಶಗಳು: ಒಂದು ಪಾಠವಿಮರ್ಶೆ

ಹಳೆಯ ಗ್ರಂಥವೊಂದನ್ನು ಪರಿಷ್ಕರಿಸಲು ಕುಳಿತ ವಿದ್ವಾಂಸನು ಅದರ ಗುಣದೋಷಗಳನ್ನು ಕುರಿತು ಮಾತನಾಡುವುದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವನು. ಕೈಯಲ್ಲಿರುವ ಪ್ರತಿ ಯಾವ ಪ್ರತಿಯಿಂದ ಇಳಿದುಬಂದುದು ಎಂಬುದು ಮೊದಲನೆಯದು. ಅದರ ಮೇಲೆ ಬರೆದಿರುವ ಹೆಸರು ನಿಜವಾಗಿಯೂ ಅದರದೇ ಎಂಬುದು ಎರಡನೆಯದು. ೧೮೯೮ರಲ್ಲಿ ಕವಿರಾಜಮಾರ್ಗವು ಮೊದಲು ಅಚ್ಚಾದಾಗ ಅದನ್ನು ನೃಪತುಂಗನ ಕೃತಿಯೆಂದೇ ಭಾವಿಸಲಾಗಿದ್ದಿತು. ಆಮೇಲೆ ವಿದ್ವಾಂಸರು ಗ್ರಂಥದ ಒಳಗಿನ ಮಾತುಗಳನ್ನೇ ತೂಗಿ ನೋಡಿ, ಅದು ಶ್ರೀವಿಜಯನದೆಂಬ ನಿರ್ಣಯಕ್ಕೆ ಬಂದರು. ಕರ್ತೃವಿನ ಹೆಸರು ಬದಲಾದರೂ ಪದ್ಯಗಳು ಪದ್ಯಗಳಾಗಿಯೇ ಉಳಿದುವು. ಅಲಂಕಾರಶಾಸ್ತ್ರಕ್ಕೆ ಅದರಿಂದ ಹಾನಿಯೇನೂ ಆಗಲಿಲ್ಲ. ಆದರೆ ಹೆಸರು ತಪ್ಪಿದರೆ ಅರ್ಥವೇ ಅಳಿದುಹೋಗುವ ಬರವಣಿಗೆಯೊಂದು ಲೋಕದಲ್ಲಿ ಉಂಟು. ಅದು ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳಸಿ, ಅವುಗಳ ಮೂಲಕ ರೋಗವನ್ನು ತಿಳಿಯಲು ಹೊರಟಿರುವ ಸಂಶೋಧನ ಸಾಹಿತ್ಯ. ಅದರಲ್ಲಿಯೂ ಬಾಯಿಯ ಕ್ಯಾನ್ಸರನ್ನು ಕುರಿತ ಭಾಗವು ಪಾಠವಿಮರ್ಶಕರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ.

ವೈದ್ಯಶಾಸ್ತ್ರದ ವಿಷಯವು ಸಾಹಿತ್ಯದ ವಿದ್ವಾಂಸರಿಗೆ ಪರಕೀಯವೆಂದು ತೋರಬಹುದು. ಆದರೆ ಪ್ರಕೃತ ವಿಚಾರದಲ್ಲಿ ದೋಷವು ಪ್ರಯೋಗಶಾಲೆಯ ಸೀಸೆಯಲ್ಲಿ ಹುಟ್ಟಿತಾದರೂ ಅದು ಬದುಕಿ ಬೆಳೆದದ್ದು ವಾಕ್ಯದಲ್ಲಿ. ಒಬ್ಬ ಲೇಖಕನು ಬರೆದ ವಾಕ್ಯವನ್ನು ಮತ್ತೊಬ್ಬನು ಪರೀಕ್ಷಿಸದೆ ಪ್ರತಿಮಾಡಿಕೊಂಡನು. ಅವನದನ್ನು ಇನ್ನೊಬ್ಬನು ಪ್ರತಿಮಾಡಿಕೊಂಡನು. ಇದು ಲಿಪಿಕಾರರ ದೋಷ. ಇದನ್ನು ಗುರುತಿಸುವ ವಿದ್ಯೆ ಗ್ರಂಥಸಂಪಾದಕರಿಗೆ ಹೊಸದಲ್ಲ.

ಮೊದಲು ಕೋಶಕೃಷಿಯ ಸ್ವರೂಪವನ್ನು ಸಂಗ್ರಹವಾಗಿ ತಿಳಿಯುವುದು ಅವಶ್ಯಕ. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಎಂಬ ವಿಜ್ಞಾನಿಯು ಕಪ್ಪೆಯ ಭ್ರೂಣದ ನರಭಾಗವನ್ನು ದುಗ್ಧರಸದ ಹನಿಯೊಂದರಲ್ಲಿ ಇಟ್ಟು, ಅದರಿಂದ ನರತಂತುಗಳು ಹೊರಗೆ ಬೆಳೆಯುವುದನ್ನು ಕಂಡನು. ದೇಹದಿಂದ ಬೇರ್ಪಟ್ಟ ಮೇಲೆಯೂ ಕೋಶವು ಬದುಕಬಲ್ಲುದೆಂಬುದು ಇದರಿಂದ ಸಿದ್ಧವಾಯಿತು. ೧೯೧೨ರಲ್ಲಿ ಅಲೆಕ್ಸಿಸ್ ಕ್ಯಾರೆಲ್ಲನು ಕೋಳಿಮರಿಯ ಹೃದಯದಿಂದ ಆರಂಭಿಸಿದ ಕೃಷಿಯು ೧೯೪೬ರ ವರೆಗೂ ಬದುಕಿದ್ದಿತೆಂದು ಪ್ರಸಿದ್ಧಿಯಾಯಿತು. ಕೋಶಗಳು ಸ್ವಭಾವತಃ ಅಮರವೆಂದು ಅನೇಕರು ನಂಬಿದರು. ೧೯೬೧ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬವರು, ಮನುಷ್ಯನ ಸಹಜಕೋಶಗಳು ಸುಮಾರು ಐವತ್ತು ಬಾರಿ ಒಡೆದು ಇಮ್ಮಡಿಯಾದ ಬಳಿಕ ನಿಂತುಹೋಗುವುವೆಂದು ತೋರಿಸಿದರು. ಅಂದಮೇಲೆ ಕ್ಯಾರೆಲ್ಲನ ಕೃಷಿಗೆ ಆಗಾಗ ಹೊಸ ಕೋಶಗಳು ಹೇಗೋ ಬಂದು ಸೇರುತ್ತಿದ್ದಿರಬೇಕು. ಹೆಸರಾಂತ ಆಚಾರ್ಯನ ಮಾತೆಂಬ ಒಂದೇ ಕಾರಣದಿಂದ ತಪ್ಪಾದ ಪಾಠವು ಹಲವು ದಶಕಗಳ ಕಾಲ ನಿಂತದ್ದಕ್ಕೆ ಈ ಶಾಸ್ತ್ರದಲ್ಲಿ ಇದು ಮೊದಲ ನಿದರ್ಶನ.

ಸಹಜಕೋಶಗಳಿಗಿಲ್ಲದ ಅಮರತ್ವವು ಕೆಲವು ಕ್ಯಾನ್ಸರ್ ಕೋಶಗಳಿಗೆ ಉಂಟು. ೧೯೫೧ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಆಫ್ರಿಕನ್ ಮೂಲದ ಅಮೆರಿಕನ್ ಮಹಿಳೆಯ ಗರ್ಭಕಂಠದ ಗಂತಿಯಿಂದ ತೆಗೆದ ಕೋಶಗಳು ಜಾರ್ಜ್ ಗೈ ಎಂಬವನ ಪ್ರಯೋಗಶಾಲೆಯಲ್ಲಿ ಎಡೆಬಿಡದೆ ಬೆಳೆಯತೊಡಗಿದುವು. ಆಕೆ ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡಳು. ಕೋಶಗಳು ಮಾತ್ರ ಲೋಕವನ್ನೆಲ್ಲ ಸುತ್ತಿದುವು. ಆಕೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅವಕ್ಕೆ ಹೀಲಾ ಎಂದು ಹೆಸರಿಟ್ಟರು. ಆ ಅಕ್ಷರಗಳು ಹೆಲೆನ್ ಲೇನ್ ಎಂಬುದರ ಸಂಕ್ಷೇಪವೆಂದು ಬಹುಕಾಲ ಬರೆಯಲಾಗುತ್ತಿದ್ದಿತು. ಹೀಗೆ ಈ ವಂಶದ ಮೂಲವ್ಯಕ್ತಿಯ ಹೆಸರೇ ತಪ್ಪುಪಾಠವಾಗಿ ಹರಡಿದ್ದಿತು. ಆಕೆಯ ಒಪ್ಪಿಗೆಯನ್ನು ಕೇಳದೆ ಕೋಶಗಳನ್ನು ತೆಗೆದುಕೊಂಡುದರ ಧರ್ಮಾಧರ್ಮವಿಚಾರವನ್ನು ರೆಬೆಕ್ಕಾ ಸ್ಕ್ಲೂಟ್ ೨೦೧೦ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ಎತ್ತಿದ್ದಾಳೆ.

ಒಂದು ಮೂಲದಿಂದ ಬಂದು, ಸೀಸೆಯಿಂದ ಸೀಸೆಗೆ ಹಂಚಿಕೊಂಡು, ಹೆಪ್ಪುಗಟ್ಟಿಸಿ ಕಾಪಿಟ್ಟು, ಬೇಕಾದಾಗ ಕರಗಿಸಿ ಬೆಳಸುವ ಈ ಸಂತಾನಕ್ಕೆ ಕೋಶವಂಶವೆಂಬ ಹೆಸರು ಒಪ್ಪುವುದು. ಅದು ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಹೋಗುವ ಬಗೆಯು ಓಲೆಗರಿಯ ಕಟ್ಟು ಮಠದಿಂದ ಮಠಕ್ಕೆ ಹೋದ ಬಗೆಯನ್ನೇ ಹೋಲುತ್ತದೆ. ಪ್ರತಿ ಪ್ರತಿಗೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಸೇರುವುದು. ಒಂದು ವಂಶದ ಕೋಶವು ಪಿಪೆಟ್ಟಿನ ತುದಿಯಿಂದಲೋ ದ್ರವದ ಹನಿಯಿಂದಲೋ ಮತ್ತೊಂದರ ಸೀಸೆಗೆ ಬೀಳಬಹುದು. ಬಿದ್ದುದು ವೇಗವಾಗಿ ಬೆಳೆಯುವ ಜಾತಿಯಾದರೆ ಕೆಲವು ವಾರಗಳಲ್ಲಿ ಸೀಸೆಯ ಹಳೆಯ ಒಡೆಯನನ್ನು ಹೊರದೂಡಿ ತಾನೇ ತುಂಬಿಕೊಳ್ಳುವುದು. ಸೀಸೆಯ ಮೇಲಣ ಚೀಟಿ ಮಾತ್ರ ಹಳೆಯದೇ. ಗ್ರಂಥದಲ್ಲಿ ಪ್ರಕ್ಷೇಪವು ಮೂಲದ ಪಕ್ಕದಲ್ಲಿ ನಿಲ್ಲುವುದು. ಇಲ್ಲಿ ಪ್ರಕ್ಷೇಪವು ಮೂಲವನ್ನೇ ನುಂಗಿ ಅದರ ಹೆಸರಿನಿಂದ ಮಾತನಾಡುವುದು.

ಬಾಯಿಯ ಕ್ಯಾನ್ಸರಿನ ಸಾಹಿತ್ಯದಲ್ಲಿ ನಡೆದದ್ದು ಇದೇ. ಹ್ಯಾರಿ ಈಗಲ್ ಎಂಬ ಅಮೆರಿಕದ ವಿಜ್ಞಾನಿಯು ಕೋಶಗಳಿಗೆ ಬೇಕಾದ ಆಹಾರಾಂಶಗಳನ್ನು ಒಂದೊಂದಾಗಿ ನಿರ್ಣಯಿಸಿ ಪೋಷಕದ್ರವವನ್ನು ಶಾಸ್ತ್ರೀಯವಾಗಿ ರಚಿಸಿದವನು. ಅವನ ಹೆಸರಿನ ದ್ರವವು ಇಂದಿಗೂ ಬಳಕೆಯಲ್ಲಿದೆ. ಅವನು ೧೯೫೫ರಲ್ಲಿ, ಬಾಯಿಯ ಕ್ಯಾನ್ಸರೊಂದರಿಂದ ಪಡೆದ ಕೋಶವಂಶವೆಂದು ಕೆ.ಬಿ. ಎಂಬುದನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ಅವನ ಪೋಷಣಪ್ರಯೋಗಗಳು ಹೀಲಾ ಕೋಶಗಳ ಮೇಲೆಯೂ ನಡೆಯುತ್ತಿದ್ದುವೆಂಬುದನ್ನು ಅವನ ಲೇಖನಗಳೇ ಹೇಳುತ್ತವೆ. ಕೆ.ಬಿ. ಬಹುಬೇಗ ಬೆಳೆಯುತ್ತಿದ್ದಿತು, ಕೇಳಿದವರಿಗೆಲ್ಲ ದೊರೆಯುತ್ತಿದ್ದಿತು, ಔಷಧಗಳು ಕೋಶವನ್ನು ಕೊಲ್ಲುವ ಶಕ್ತಿಯನ್ನು ಅಳೆಯಲು ಒಳ್ಳೆಯ ಒರೆಗಲ್ಲಾಯಿತು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನದೆಂದು ಅದೇ ವರ್ಷ ಬೆಳಕಿಗೆ ಬಂದ ಹೆಪ್-೨ ಎಂಬ ವಂಶವೂ ಇದರ ಜೊತೆಗಾರನಾಗಿ ಪ್ರಸಿದ್ಧಿಗೆ ಬಂದಿತು.

೧೯೬೬ರಲ್ಲಿ ಪೆನ್ಸಿಲ್ವೇನಿಯದ ಬೆಡ್‌ಫೋರ್ಡ್ ಎಂಬಲ್ಲಿ ಕೋಶಕೃಷಿಯ ವಿದ್ವಾಂಸರು ಸಭೆ ಸೇರಿದ್ದರು. ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿಯು ಅಲ್ಲಿ ಒಂದು ಅಪ್ರಿಯಸತ್ಯವನ್ನು ಮುಂದಿಟ್ಟನು. ಮನುಷ್ಯರ ಕೋಶಗಳಲ್ಲಿ ಒಂದೇ ಕಿಣ್ವವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ ಬೇರೆ ರೂಪಗಳಲ್ಲಿ ಇರುವುದುಂಟು. ಬೇರೆ ಬೇರೆ ಜನರ ಬೇರೆ ಬೇರೆ ಅಂಗಗಳಿಂದ ಬಂದುವೆನ್ನಲಾದ ೧೮ ಕೋಶವಂಶಗಳನ್ನು ಅವನು ಪರೀಕ್ಷಿಸಿದ್ದನು. ಎಲ್ಲದರಲ್ಲಿಯೂ ಕಿಣ್ವದ ರೂಪ ಒಂದೇ ಆಗಿದ್ದಿತು. ಅದು ಹೀಲಾದ ರೂಪ. ಆಫ್ರಿಕನ್ ಮೂಲದವರಲ್ಲಿ ಕಾಣಬರುವುದೇ ಹೊರತು ಐರೋಪ್ಯ ಮೂಲದವರಲ್ಲಿ ಸಾಮಾನ್ಯವಾಗಿ ಕಾಣದ ರೂಪ. ೧೯೬೮ರಲ್ಲಿ ಈ ವಿಚಾರವು ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ೧೯೭೪ರಿಂದ ಮುಂದಕ್ಕೆ ವಾಲ್ಟರ್ ನೆಲ್ಸನ್-ರೀಸ್ ಎಂಬವನು ವರ್ಣತಂತುಗಳ ಪಟ್ಟೆಗಳನ್ನು ಹೋಲಿಸಿ ಇನ್ನೂ ಅನೇಕ ವಂಶಗಳ ನಿಜಸ್ವರೂಪವನ್ನು ಬಯಲಿಗೆ ತಂದು, ಅವುಗಳ ಹೆಸರುಗಳನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಇಂಥ ಪರೀಕ್ಷೆಗಳಿಂದ ಕೆ.ಬಿ. ಮತ್ತು ಹೆಪ್-೨ ಎರಡೂ ಹೀಲಾ ಎಂಬುದು ನಿರ್ಧಾರವಾಯಿತು. ಆಮೇಲೆ ಬಂದ ಡಿ.ಎನ್.ಎ. ಪರೀಕ್ಷೆಯೂ ಇದನ್ನೇ ದೃಢಪಡಿಸಿತು. ಅಮೆರಿಕದ ಪ್ರಸಿದ್ಧ ಕೋಶಭಂಡಾರದ ಸೂಚೀಪತ್ರದಲ್ಲಿಯೂ ಕೆ.ಬಿ. ಮೊದಲು ಬಾಯಿಯದೆಂದು ಭಾವಿಸಲಾಗಿದ್ದು, ಬಳಿಕ ಹೀಲಾ ಎಂದು ತಿಳಿದುಬಂದಿತೆಂಬ ಟಿಪ್ಪಣಿ ಸೇರಿತು.

ಗರ್ಭಕಂಠದ ಕೋಶವು ಬಾಯಿಯ ಕೋಶವೆಂಬ ಹೆಸರಿನಲ್ಲಿ ಹತ್ತಾರು ವರ್ಷ ಸಾಕ್ಷಿ ಹೇಳಿತೆಂಬುದು ಆಶ್ಚರ್ಯಕರವಾದರೂ ಕ್ಷಮಾರ್ಹ; ಆ ಕಾಲದಲ್ಲಿ ಗುರುತಿಸುವ ಸಾಧನಗಳಿರಲಿಲ್ಲ. ಕ್ಷಮಿಸಲಾಗದುದು ಮುಂದಿನ ಕಥೆ. ವಾನ್, ಗ್ಲೆನ್ಜೆಲ್, ಕಾರ್ಚ್ ಮತ್ತು ಕೇಪ್ಸ್-ಡೇವಿಸ್ ಎಂಬ ನಾಲ್ವರು ೨೦೧೭ರಲ್ಲಿ ‘ಕ್ಯಾನ್ಸರ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಕಥೆ ಅಂಕಿಗಳಲ್ಲಿ ಬರೆಯಲ್ಪಟ್ಟಿದೆ. ೨೦೦೦ದಿಂದ ೨೦೧೪ರ ವರೆಗಿನ ಸಾಹಿತ್ಯವನ್ನು ಅವರು ಶೋಧಿಸಿದರು. ಕೆ.ಬಿ.ಯನ್ನು ಬಾಯಿಯ ಕ್ಯಾನ್ಸರಿನದೆಂದೇ ತಪ್ಪಾಗಿ ಹೇಳಿದ ಲೇಖನಗಳು ೫೭೪ ದೊರೆತುವು; ಹೀಲಾ ಅಥವಾ ಗರ್ಭಕಂಠದ್ದೆಂದು ಸರಿಯಾಗಿ ಹೇಳಿದುವು ೫೭ ಮಾತ್ರ. ಸತ್ಯವು ಅಚ್ಚಾಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲಿನ ಸ್ಥಿತಿ ಇದು.

ಆ ಪ್ರಬಂಧದಲ್ಲಿ ಪಾಠವಿಮರ್ಶಕನಿಗೆ ಇನ್ನೂ ಮುಖ್ಯವಾದ ಭಾಗವೊಂದುಂಟು. ಈ ಲೇಖನಗಳನ್ನು ಆಧಾರವಾಗಿ ಉಲ್ಲೇಖಿಸಿದ ೨೦೦ ಲೇಖನಗಳನ್ನು ಅವರು ಓದಿ ನೋಡಿದರು. ಉಲ್ಲೇಖಿಸಿದವನು ತನ್ನ ಆಕರದಲ್ಲಿ ಯಾವ ವರ್ಣನೆ ಇದ್ದಿತೋ ಅದನ್ನೇ ಅನುಸರಿಸುವ ಒಲವು ಕಂಡುಬಂದಿತು: ಆಕರದಲ್ಲಿ ಬಾಯಿ ಎಂದಿದ್ದರೆ ಬಾಯಿ, ಗರ್ಭಕಂಠ ಎಂದಿದ್ದರೆ ಗರ್ಭಕಂಠ. ಒಂದೇ ತಪ್ಪನ್ನು ಹೊತ್ತಿರುವ ಪ್ರತಿಗಳು ಒಂದೇ ಮೂಲದಿಂದ ಬಂದುವೆಂಬ ಗ್ರಂಥಸಂಪಾದನೆಯ ಸೂತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಮತ್ತೊಂದು ಸಂಗತಿಯೂ ಗಮನಾರ್ಹ. ಸರಿಯಾಗಿ ಬರೆದವರ ಮತ್ತು ತಪ್ಪಾಗಿ ಬರೆದವರ ಪತ್ರಿಕೆಗಳ ಪ್ರತಿಷ್ಠೆಯನ್ನು ಅಳೆದಾಗ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ದೊಡ್ಡ ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಪಾಠವು ಶುದ್ಧವೆಂದು ನಂಬುವುದು, ಸುಂದರವಾದ ಅಕ್ಷರದಲ್ಲಿ ಬರೆದ ಓಲೆಯೆಲ್ಲ ಪ್ರಾಚೀನವೆಂದು ನಂಬಿದಂತೆಯೇ ಸರಿ.

ಈ ಪ್ರಬಂಧದ ಕರ್ತೃಗಳು ಪತ್ರಿಕೆಗಳು ಕೋಶಗಳ ಗುರುತಿನ ಪರೀಕ್ಷೆಯನ್ನು ಕಡ್ಡಾಯಮಾಡಬೇಕೆಂದು ಹೇಳಿ ಮುಗಿಸುತ್ತಾರೆ. ಸಲಹೆ ಯುಕ್ತವಾದುದೇ, ಆದರೆ ಅವರ ಅಂಕಿಗಳೇ ಅದಕ್ಕಿಂತ ಆಳವಾದ ಮಾತೊಂದನ್ನು ಹೇಳುತ್ತವೆ. ಕೆ.ಬಿ.ಯ ವಿಷಯದಲ್ಲಿ ಸತ್ಯವನ್ನು ತಿಳಿಯಲು ಯಾವ ಹೊಸ ಪರೀಕ್ಷೆಯೂ ಬೇಕಿರಲಿಲ್ಲ. ಭಂಡಾರದ ಸೂಚೀಪತ್ರವನ್ನು ತೆರೆದು ಓದಿದ್ದರೆ ಸಾಕಾಗುತ್ತಿದ್ದಿತು. ಆದುದರಿಂದ ಇಲ್ಲಿ ಕೊರತೆಯಾದುದು ಉಪಕರಣವಲ್ಲ, ಓದು. ಸಂಶೋಧನ ಲೇಖನದಲ್ಲಿ ಸಾಧನಸಾಮಗ್ರಿಗಳನ್ನು ಹೇಳುವ ಭಾಗವು ಹೆಚ್ಚು ಜನ ಓದದ, ಓದಿದರೂ ಶಂಕಿಸದ ಭಾಗ. ಬರೆಯುವವನು ಹಿಂದಿನ ಲೇಖನದ ವಾಕ್ಯವನ್ನು ಅಲ್ಲಿಗೆ ತಂದು ಕೂರಿಸುವನು. ವಾಕ್ಯವು ರೂಢಿಯಾದಂತೆಲ್ಲ ಅದರ ಹಿಂದೆ ಒಂದು ವಸ್ತುವಿದೆಯೆಂಬುದು ಮರೆತುಹೋಗುವುದು.

ಇದಕ್ಕೆ ಪ್ರತಿವಾದವೊಂದುಂಟು, ಅದನ್ನು ನ್ಯಾಯವಾಗಿ ಕೇಳಬೇಕು. ಒಂದು ಔಷಧವು ಕೆ.ಬಿ. ಕೋಶವನ್ನು ಕೊಂದಿತೆಂದರೆ ಅದು ಕೊಂದದ್ದು ನಿಜ. ಕೋಶದ ಹೆಸರು ಯಾವುದಾದರೇನು? ಆ ಕೋಶದ ಮೈಮೇಲೆ ಫೋಲಿಕ್ ಆಮ್ಲವನ್ನು ಹಿಡಿಯುವ ಗ್ರಾಹಕಗಳು ಹೇರಳವಾಗಿರುವುದರಿಂದ, ಫೋಲೇಟಿಗೆ ಔಷಧವನ್ನು ಜೋಡಿಸಿ ಕೋಶದೊಳಗೆ ಕಳುಹಿಸುವ ಪ್ರಯೋಗಗಳಿಗೆ ಅದು ಬಹಳ ಒದಗಿಬಂದಿತು. ಆ ಅಳತೆಗಳು ಸುಳ್ಳಾಗಲಿಲ್ಲವಷ್ಟೆ? ಈ ಮಾತಿನಲ್ಲಿ ತಥ್ಯವಿದೆ. ಅಳತೆ ಸುಳ್ಳಲ್ಲ, ಅಳತೆಯಿಂದ ತೆಗೆದ ನಿಗಮನ ಸುಳ್ಳು. ಲೇಖನದ ಕೊನೆಯಲ್ಲಿ ‘ಆದುದರಿಂದ ಬಾಯಿಯ ಕ್ಯಾನ್ಸರಿನ ಚಿಕಿತ್ಸೆಗೆ ಇದು ಯೋಗ್ಯವಾಗಬಹುದು’ ಎಂಬ ವಾಕ್ಯ ಬರುವುದಾದರೆ, ಅದರ ಆಧಾರವೆಲ್ಲ ಸೀಸೆಯ ಚೀಟಿಯ ಮೇಲಿನ ಹೆಸರಿನಲ್ಲಿದೆ. ಕವಿರಾಜಮಾರ್ಗದ ಪದ್ಯಕ್ಕೆ ನೃಪತುಂಗನ ಹೆಸರು ತೆಗೆದರೂ ಅರ್ಥವಿರುವುದು. ಕೋಶಕ್ಕೆ ಬಾಯಿಯೆಂಬ ಹೆಸರು ತೆಗೆದರೆ ಬಾಯಿಯ ರೋಗವನ್ನು ಕುರಿತು ಅದು ಹೇಳಿದ್ದೇನೂ ಉಳಿಯದು.

ರೋಗನಿರೋಧ ಶಕ್ತಿಯ ವಿಚಾರಕ್ಕೆ ಬಂದಾಗ ಈ ಪ್ರತಿವಾದದ ಬಲವೆಲ್ಲ ಕುಗ್ಗುವುದು. ದೇಹದ ರಕ್ಷಕಕೋಶಗಳ ಕೆಲಸವೇ ತನ್ನದಾವುದು, ಪರರದಾವುದು ಎಂಬುದನ್ನು ವಿವೇಚಿಸುವುದು. ಪ್ರತಿಯೊಬ್ಬನ ಕೋಶಗಳ ಮೇಲೆ ಎಚ್.ಎಲ್.ಎ. ಎಂಬ ಅಣುಗಳುಂಟು, ಇವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ. ಕೋಶದ ಒಳಗಿನ ಪ್ರೋಟೀನುಗಳ ತುಣುಕುಗಳನ್ನು ಇವು ಹೊರಗೆ ಎತ್ತಿ ತೋರಿಸುವುವು. ಟಿ-ಕೋಶಗಳೆಂಬ ರಕ್ಷಕರು ಅವನ್ನು ಮುಟ್ಟಿ ನೋಡಿ, ವಿಕಾರವುಂಟೆಂದು ತೋರಿದರೆ ಕೊಲ್ಲುವುವು. ಸ್ವ-ಪರ ವಿವೇಕವೇ ವಿಷಯವಾಗಿರುವ ಶಾಸ್ತ್ರದಲ್ಲಿ, ತಾನು ಯಾರದೆಂದು ತಿಳಿಯದ ಕೋಶವನ್ನು ಸಾಕ್ಷಿಯಾಗಿ ನಿಲ್ಲಿಸುವುದು ಬರಿಯ ಅಜಾಗರೂಕತೆಯಲ್ಲ, ಪ್ರಶ್ನೆಯನ್ನೇ ಕೆಡಿಸಿದಂತೆ.

ಕೆ.ಬಿ.ಯಿಂದ ಆಗುವ ಅನರ್ಥವನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ರೋಗದ ಕಾರಣಕ್ಕೆ ಸಂಬಂಧಿಸಿದುದು. ಹೀಲಾ ಕೋಶದ ಒಳಗೆ ಪ್ಯಾಪಿಲೋಮ ವೈರಸ್ಸಿನ ೧೮ನೆಯ ಬಗೆಯ ಜೀನುಗಳು ಸೇರಿಕೊಂಡಿವೆ. ಅವು ತಯಾರಿಸುವ ಪ್ರೋಟೀನುಗಳು ದೇಹಕ್ಕೆ ನಿಶ್ಚಯವಾಗಿ ಪರಕೀಯ. ಕೋಶವನ್ನು ಹದ್ದಿನಲ್ಲಿಡುವ ಪಿ-೫೩ ಎಂಬ ಪ್ರೋಟೀನಿನ ಜೀನು ಹೀಲಾದಲ್ಲಿ ಕೆಟ್ಟಿಲ್ಲ. ವೈರಸ್ಸಿನ ಪ್ರೋಟೀನು ಅದರ ಫಲವನ್ನು ನಾಶಮಾಡುತ್ತದೆ. ತಂಬಾಕು ಮತ್ತು ಅಡಿಕೆಯನ್ನು ಅಗಿಯುವುದರಿಂದ ಕೆನ್ನೆಯ ಒಳಗೂ ವಸಡಿನಲ್ಲೂ ಹುಟ್ಟುವ ಕ್ಯಾನ್ಸರಿನಲ್ಲಿ ಅನೇಕ ವೇಳೆ ಆ ಜೀನೇ ಒಡೆದಿರುವುದು. ಮೊದಲನೆಯದರಲ್ಲಿ ರಕ್ಷಕಕೋಶಗಳು ಕಾಣಬೇಕಾದುದು ವೈರಸ್ಸಿನ ಗುರುತು; ಎರಡನೆಯದರಲ್ಲಿ ತನ್ನದೇ ಪ್ರೋಟೀನಿನ ಸೂಕ್ಷ್ಮ ವಿಕಾರ. ಒಂದರಲ್ಲಿ ಪಡೆದ ಉತ್ತರವನ್ನು ಇನ್ನೊಂದಕ್ಕೆ ಹೇಳುವುದು ಒಂದು ಕಾವ್ಯದ ಟೀಕೆಯನ್ನು ಬೇರೊಂದು ಕಾವ್ಯದ ಕೆಳಗೆ ಅಚ್ಚುಹಾಕಿದಂತೆ.

ಎರಡನೆಯ ಅನರ್ಥವು ಕೆ.ಬಿ.ಗೆ ಮಾತ್ರವಲ್ಲದೆ ಸರಿಯಾಗಿ ಗುರುತಿಸಲ್ಪಟ್ಟ ಕೋಶವಂಶಗಳಿಗೂ ತಗಲುವುದು. ಕ್ಯಾನ್ಸರ್ ಕೋಶವು ಒಬ್ಬನದು, ಅದರೊಡನೆ ಬೆರಸುವ ಟಿ-ಕೋಶಗಳು ದಾನಮಾಡಿದ ಮತ್ತೊಬ್ಬನವು ಎಂದಾದರೆ, ಆ ಟಿ-ಕೋಶಗಳು ಕ್ಯಾನ್ಸರಿನ ವಿಕಾರವನ್ನು ಕಾಣುವುದಕ್ಕೆ ಮೊದಲೇ ಪರಕೀಯವಾದ ಎಚ್.ಎಲ್.ಎ.ಯನ್ನು ಕಂಡು ಕೆರಳುವುವು. ಬೇರೊಬ್ಬನ ಮೂತ್ರಪಿಂಡವನ್ನು ದೇಹವು ತಿರಸ್ಕರಿಸುವುದೂ ಈ ಕಾರಣದಿಂದಲೇ. ಸೀಸೆಯಲ್ಲಿ ಕ್ಯಾನ್ಸರ್ ಕೋಶಗಳು ಸಾಯುವುವು. ಲೇಖಕನು ರೋಗನಿರೋಧ ಶಕ್ತಿ ಕ್ಯಾನ್ಸರನ್ನು ಜಯಿಸಿತೆಂದು ಬರೆಯುವನು. ನಡೆದಿರುವುದು ಪರಕೀಯನ ತಿರಸ್ಕಾರ. ಸಹಜಹಂತಕ ಕೋಶಗಳೆಂಬ ಮತ್ತೊಂದು ಜಾತಿಯ ರಕ್ಷಕರ ವಿಷಯದಲ್ಲಿ ಈ ಆಕ್ಷೇಪಣೆ ಅಷ್ಟು ತೀಕ್ಷ್ಣವಾಗಿ ಹೊಂದುವುದಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಅವು ಹೀಗೆ ತುಣುಕುಗಳನ್ನು ಓದಿ ನಡೆಯುವುವಲ್ಲ.

ಇಷ್ಟರಿಂದ ಬಾಯಿಯ ಕ್ಯಾನ್ಸರಿನ ಕೋಶಕೃಷಿಯೆಲ್ಲ ವ್ಯರ್ಥವೆಂದು ತೀರ್ಮಾನಿಸಲಾಗದು. ಶುದ್ಧಪಾಠಗಳೂ ಉಂಟು. ೧೯೭೫ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬವರು, ವಿಕಿರಣದಿಂದ ಬೆಳವಣಿಗೆ ನಿಲ್ಲಿಸಿದ ಇಲಿಯ ಕೋಶಗಳ ಹಾಸಿನ ಮೇಲೆ ಮನುಷ್ಯನ ಚರ್ಮಕೋಶಗಳನ್ನು ಬೆಳಸುವ ಕ್ರಮವನ್ನು ಕಂಡುಹಿಡಿದರು. ಅದೇ ಕ್ರಮದಿಂದ ೧೯೮೧ರಲ್ಲಿ ಬಾಸ್ಟನ್ನಿನಲ್ಲಿ ರೈನ್‌ವಾಲ್ಡ್ ಮತ್ತು ಬೆಕೆಟ್ ನಾಲಗೆಯ ಕ್ಯಾನ್ಸರಿನಿಂದ ಎಸ್.ಸಿ.ಸಿ. ಎಂಬ ಹೆಸರಿನ ವಂಶಗಳನ್ನು ಸ್ಥಾಪಿಸಿದರು. ಇವು ಇಂದಿಗೂ ಪ್ರಮಾಣವಾಗಿ ಬಳಕೆಯಲ್ಲಿವೆ. ೨೦೦೧ರಲ್ಲಿ ಡಿ.ಎನ್.ಎ.ಯ ಪುನರಾವರ್ತಿತ ತುಣುಕುಗಳಿಂದ ಪ್ರತಿ ವಂಶಕ್ಕೂ ಬೆರಳಚ್ಚಿನಂಥ ಗುರುತನ್ನು ಪಡೆಯುವ ಕ್ರಮವು ಅಂತರರಾಷ್ಟ್ರೀಯ ಪ್ರಮಾಣವಾಗಿ ಸೂಚಿತವಾಯಿತು. ೨೦೧೧ರಲ್ಲಿ ಪ್ರಕಟವಾದ ಒಂದು ಪರಿಷ್ಕರಣದಲ್ಲಿ ತಲೆ ಮತ್ತು ಕುತ್ತಿಗೆಯ ಭಾಗಕ್ಕೆ ಸೇರಿದ ೧೨೨ ವಂಶಗಳನ್ನು ಹಲವು ಸಂಗ್ರಹಗಳಿಂದ ಕೂಡಿಸಿ ಹೀಗೆ ಪರೀಕ್ಷಿಸಿದಾಗ, ಬೇರೆ ಬೇರೆಯೆಂದು ನಿಂತುವು ೮೫ ಮಾತ್ರ. ಬಾಯಿಯ ಲಾಲಾಗ್ರಂಥಿಯ ಕ್ಯಾನ್ಸರಿನ ವಿಷಯ ಇನ್ನೂ ಶೋಚನೀಯ: ೨೦೦೯ರಲ್ಲಿ ಪರೀಕ್ಷಿತವಾದ ಆರು ವಂಶಗಳಲ್ಲಿ ಮೂರು ಹೀಲಾ, ಒಂದು ಮೂತ್ರಕೋಶದ ಕ್ಯಾನ್ಸರಿನದು, ಉಳಿದೆರಡು ಮನುಷ್ಯನವೇ ಅಲ್ಲ.

ಗುರುತು ಶುದ್ಧವಾದ ಮೇಲೆಯೂ ಒಂದು ಪ್ರಶ್ನೆ ಉಳಿಯುವುದು. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ತಳದ ಮೇಲೆ ಹಾಸಾಗಿ ಬೆಳೆದ ಕೋಶವು ದೇಹದಿಂದ ಕಿತ್ತು ತೆಗೆದ ಒಂಟಿ ಪದ್ಯದಂತೆ. ಪ್ರಕರಣವಿಲ್ಲ, ಮುಂದಣ ಹಿಂದಣ ಸಂಬಂಧವಿಲ್ಲ. ಈ ಕೊರತೆಯನ್ನು ತುಂಬಲು ಇತ್ತೀಚಿನ ಯತ್ನಗಳು ನಡೆದಿವೆ. ಫಿನ್ಲೆಂಡಿನ ಔಲು ನಗರದ ತುಲಾ ಸಾಲೋ ಮತ್ತು ಸಂಗಡಿಗರು ೨೦೦೯ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ನಿರಪಾಯಕರ ಗಡ್ಡೆಯ ತುಂಡುಗಳ ಮೇಲೆ ನಾಲಗೆಯ ಕ್ಯಾನ್ಸರ್ ಕೋಶಗಳನ್ನು ಬೆಳಸಿ, ಅವು ಬರಿಯ ಕೊಲಾಜನ್ ಹಾಸಿಗಿಂತ ಅಲ್ಲಿ ಆಳವಾಗಿ ಇಳಿಯುವುವೆಂದು ತೋರಿಸಿದರು. ೨೦೧೯ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದ ವಿಜ್ಞಾನಿಗಳು ರೋಗಿಗಳ ಗಂತಿಗಳಿಂದ, ಅಂಗದ ಮರಿಯಂತೆ ಉಂಡೆಯಾಗಿ ಬೆಳೆಯುವ ೩೧ ಕೃಷಿಗಳನ್ನು ಪಡೆದರು. ೨೦೧೮ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರಿನ ಇಂಥ ಉಂಡೆಗಳನ್ನು ಅದೇ ರೋಗಿಯ ರಕ್ತದ ಟಿ-ಕೋಶಗಳೊಡನೆ ಬೆಳಸಿ, ಆ ಗಂತಿಯನ್ನೇ ಗುರುತಿಸುವ ರಕ್ಷಕರನ್ನು ಹೆಚ್ಚಿಸಲಾಯಿತು. ಎಚ್.ಎಲ್.ಎ. ಕುರಿತ ಆಕ್ಷೇಪಣೆಗೆ ಇದು ತಕ್ಕ ಉತ್ತರ. ಇಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಮನೆಯವರು.

ಔಲು ನಗರದ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಲ್ಲಿಯೂ ಬಾಯಿಯ ರೋಗದ ವಿಚಾರದಲ್ಲಿ ಗರ್ಭಕೋಶದ ವಸ್ತುವೇ ಬಂದಿದೆ. ಆದರೆ ಅದನ್ನು ಸ್ಪಷ್ಟವಾಗಿ ಹೇಳಿ, ಏತಕ್ಕೆ ಬಳಸಿದರೆಂಬ ಕಾರಣವನ್ನು ಕೊಟ್ಟಿದ್ದಾರೆ. ಕೆ.ಬಿ.ಯ ದೋಷವು ಅದು ಗರ್ಭಕಂಠದಿಂದ ಬಂದಿತೆಂಬುದಲ್ಲ. ಬಂದ ಊರನ್ನು ಮರೆಮಾಚಿತೆಂಬುದು. ಮಾದರಿಯು ಮೂಲದಿಂದ ಬೇರೆಯಾಗಿರುವುದು ತಪ್ಪಲ್ಲ. ಎಲ್ಲ ಮಾದರಿಗಳೂ ಬೇರೆಯೇ. ಬೇರೆಯಾಗಿರುವುದನ್ನು ಬರೆಯದಿರುವುದು ತಪ್ಪು. ಉಟ್ರೆಕ್ಟಿನ ಉಂಡೆಗಳಿಗೂ ಇದೇ ಅಳತೆ ಸಲ್ಲಬೇಕು. ಅವುಗಳಲ್ಲಿ ರಕ್ತನಾಳವಿಲ್ಲ, ರಕ್ಷಕಕೋಶವಿಲ್ಲ, ಜೊಲ್ಲಿಲ್ಲ, ಬಾಯಿಯಲ್ಲಿ ಸದಾ ನೆಲಸಿರುವ ಸೂಕ್ಷ್ಮಜೀವಿಗಳಿಲ್ಲ. ಅವನ್ನು ಹಿಡಿದಿಡುವ ಲೋಳೆಯೂ ಸಾಮಾನ್ಯವಾಗಿ ಇಲಿಯ ಗಂತಿಯೊಂದರಿಂದ ತೆಗೆದುದು. ಹೀಗೆ ಪ್ರತಿ ಮಾದರಿಯೂ ಯಾವುದನ್ನು ಬಿಟ್ಟಿದೆಯೆಂಬುದನ್ನು ಹೇಳಿಕೊಂಡಾಗಲೇ, ಉಳಿಸಿಕೊಂಡುದರ ವಿಷಯದಲ್ಲಿ ಅದರ ಮಾತಿಗೆ ಬೆಲೆ.

ಈ ವಿಚಾರವು ದೂರದೇಶದ ಪ್ರಯೋಗಶಾಲೆಗಳ ಒಳಜಗಳವಲ್ಲ. ಬಾಯಿಯ ಕ್ಯಾನ್ಸರಿನ ಭಾರವನ್ನು ಲೋಕದಲ್ಲಿ ಅತ್ಯಧಿಕವಾಗಿ ಹೊತ್ತಿರುವ ದೇಶಗಳಲ್ಲಿ ಭಾರತವೂ ಒಂದು. ಇಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಮೀರಿ ಹೊಸ ರೋಗಿಗಳು ಕಂಡುಬರುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೦೪ರ ತನ್ನ ಗ್ರಂಥದಲ್ಲಿ, ತಂಬಾಕು ಬೆರೆಯದಿದ್ದರೂ ಅಡಿಕೆಯೇ ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಭಾರತದಲ್ಲಿ ಅತ್ಯಧಿಕವಾಗಿ ಅಡಿಕೆಯನ್ನು ಬೆಳೆಯುವುದು ಕರ್ಣಾಟಕ. ಮಲೆನಾಡು ಕರಾವಳಿಗಳ ಅನೇಕ ಮನೆತನಗಳ ಬಾಳು ಅದರ ಮೇಲೆ ನಿಂತಿದೆ. ಮಂಗಳಕಾರ್ಯಗಳಲ್ಲಿ ತಾಂಬೂಲಕ್ಕಿರುವ ಗೌರವವೂ ಎಲ್ಲರೂ ಬಲ್ಲುದೇ. ಇಂಥ ನಾಡಿನಲ್ಲಿ, ಅಡಿಕೆಯು ಕೆನ್ನೆಯ ಕೋಶಕ್ಕೆ ನಿಜವಾಗಿ ಏನು ಮಾಡುವುದೆಂಬುದನ್ನು ನಿಷ್ಪಕ್ಷಪಾತವಾಗಿ ತಿಳಿಯುವ ಅವಶ್ಯಕತೆಯು ರೋಗಿಗೂ ಉಂಟು, ಬೆಳೆಗಾರನಿಗೂ ಉಂಟು.

ಆ ತಿಳಿವಳಿಕೆಗೆ ನಾಲಗೆಯ ಕೋಶವೂ ಪೂರ್ಣವಾಗಿ ಸಾಲದು. ಪಾಶ್ಚಾತ್ಯ ಸಂಗ್ರಹಗಳಲ್ಲಿ ನಾಲಗೆಯ ವಂಶಗಳು ಹೆಚ್ಚು. ಭಾರತದಲ್ಲಿ ಕೆನ್ನೆಯ ಒಳಮೈ ಮತ್ತು ವಸಡಿನ ರೋಗ ಹೆಚ್ಚು. ೨೦೧೩ರಲ್ಲಿ ಭಾರತದ ವಿಜ್ಞಾನಿಗಳು ಈ ವಸಡು-ಕೆನ್ನೆಯ ಕ್ಯಾನ್ಸರಿನ ಜೀನುಗಳನ್ನು ಓದಿ ಪ್ರಕಟಿಸಿದಾಗ, ಪಿ-೫೩ರ ಜೀನಲ್ಲದೆ ಕ್ಯಾಸ್ಪೇಸ್-೮ ಎಂಬುದರ ಜೀನೂ ಮತ್ತೆ ಮತ್ತೆ ಕೆಟ್ಟಿರುವುದು ಕಂಡುಬಂದಿತು. ಕ್ಯಾಸ್ಪೇಸ್-೮ ಎಂಬುದು ರಕ್ಷಕಕೋಶವು ಹೊರಗಿನಿಂದ ಕೊಡುವ ಮರಣಾಜ್ಞೆಯನ್ನು ಕೋಶದ ಒಳಗೆ ನಡಸುವ ಸೇವಕ. ಆ ಸೇವಕನೇ ಇಲ್ಲವಾದ ಕೋಶವು ಆಜ್ಞೆಯನ್ನು ಕೇಳಿಯೂ ಸಾಯದಿರಬಹುದು. ರೋಗನಿರೋಧ ಶಕ್ತಿಯ ವಿಚಾರಕ್ಕೆ ಇದಕ್ಕಿಂತ ಹತ್ತಿರವಾದ ಪ್ರಶ್ನೆ ಬೇರೆಯಿಲ್ಲ; ಇದನ್ನು ಕೇಳಬೇಕಾದರೆ ಅಂಥ ರೋಗಿಯಿಂದಲೇ ಬಂದ, ಗುರುತು ಶುದ್ಧವಾದ, ಅವನದೇ ರಕ್ಷಕಕೋಶಗಳೊಡನೆ ಬೆಳೆದ ಮಾದರಿ ಬೇಕು.

ಚಿಕಿತ್ಸೆಯ ಕಡೆಯಿಂದಲೂ ಇದೇ ಒತ್ತಾಯ ಬರುತ್ತಿದೆ. ಟಿ-ಕೋಶಗಳ ಮೇಲಿನ ತಡೆಯನ್ನು ತೆಗೆಯುವ ನಿವೊಲುಮಾಬ್ ಎಂಬ ಔಷಧವನ್ನು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರು ಮರುಕಳಿಸಿದ ೩೬೧ ರೋಗಿಗಳಲ್ಲಿ ಹೋಲಿಸಿ ನೋಡಿದ ಪರೀಕ್ಷೆ ೨೦೧೬ರಲ್ಲಿ ಪ್ರಕಟವಾಯಿತು. ಜೀವಿತಾವಧಿಯ ಮಧ್ಯಾಂಕ ೫.೧ ತಿಂಗಳಿಂದ ೭.೫ ತಿಂಗಳಿಗೆ ಏರಿತು. ಗಂತಿ ಕುಗ್ಗಿದುದು ನೂರಕ್ಕೆ ಸುಮಾರು ಹದಿಮೂರು ಮಂದಿಯಲ್ಲಿ. ೨೦೨೩ರಲ್ಲಿ ಮುಂಬಯಿಯ ಟಾಟ ಸ್ಮಾರಕ ಆಸ್ಪತ್ರೆಯ ವೈದ್ಯರು, ಬಡರೋಗಿಗಳಿಗೂ ಎಟುಕುವಂತೆ ಇದೇ ಔಷಧವನ್ನು ಬಹಳ ಕಡಮೆ ಪ್ರಮಾಣದಲ್ಲಿ ಇತರ ಗುಳಿಗೆಗಳೊಡನೆ ಕೊಟ್ಟಾಗ, ಒಂದು ವರ್ಷ ಬದುಕಿದವರ ಪ್ರಮಾಣವು ನೂರಕ್ಕೆ ೧೬.೩ರಿಂದ ೪೩.೪ಕ್ಕೆ ಏರಿತೆಂದು ಪ್ರಕಟಿಸಿದರು. ಲಾಭವು ನಿಜ, ಆದರೆ ಯಾರಿಗೆ ಒದಗುವುದು, ಯಾರಿಗೆ ಒದಗದು ಎಂಬ ಪ್ರಶ್ನೆಗೆ ಉತ್ತರ ಸಾಲದು. ಆ ಉತ್ತರವನ್ನು ಹುಡುಕುವ ಸ್ಥಳಗಳಲ್ಲಿ ಕೋಶಕೃಷಿಯ ಸೀಸೆಯೂ ಒಂದು. ಅಲ್ಲಿ ತಪ್ಪುಹೆಸರಿನ ಕೋಶವಿದ್ದರೆ ನಷ್ಟವಾಗುವುದು ಲೇಖಕನ ಕೀರ್ತಿಯಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾದಿರುವವನ ದಿನಗಳು.

ಈ ಸಾಹಿತ್ಯದ ಗುಣದೋಷಗಳನ್ನು ಕೂಡಿಸಿ ನೋಡಿದರೆ ತೀರ್ಪು ಹೀಗೆ ಬರುವುದು. ಗಾರ್ಟ್ಲರನಂಥವರು ಅಪ್ರಿಯವಾದರೂ ಪಾಠವನ್ನು ತಿದ್ದಿದರು. ವಾನ್ ಮತ್ತು ಸಂಗಡಿಗರು ತಿದ್ದುಪಡಿಯನ್ನು ಯಾರೂ ಓದಲಿಲ್ಲವೆಂಬುದನ್ನು ತೋರಿಸಿದರು. ಔಲು, ಉಟ್ರೆಕ್ಟ್, ಆಮ್‌ಸ್ಟರ್‌ಡ್ಯಾಮುಗಳ ವಿದ್ವಾಂಸರು ಇನ್ನೂ ಉತ್ತಮವಾದ ಪ್ರತಿಗಳನ್ನು ಸಿದ್ಧಪಡಿಸುತ್ತಿದ್ದಾರೆ. ಆದರೆ ಪ್ರತಿ ಎಷ್ಟೇ ಉತ್ತಮವಾದರೂ ಓದುವ ಅಭ್ಯಾಸ ತಿದ್ದಿಕೊಳ್ಳದಿದ್ದರೆ ಹೊಸ ಕೆ.ಬಿ.ಗಳು ಹುಟ್ಟದಿರವು. ಆಕರದ ವಾಕ್ಯವನ್ನು ನಕಲುಮಾಡುವ ಮುಂಚೆ ಆ ವಾಕ್ಯದ ಆಕರವನ್ನು ನೋಡುವುದು, ನೋಡಿದುದನ್ನು ಬರೆಯುವುದು, ನೋಡದುದನ್ನು ನೋಡಿದಂತೆ ಬರೆಯದಿರುವುದು — ಇವು ಸಾಹಿತ್ಯದ ತರಗತಿಗಳಲ್ಲಿ ಮೊದಲ ವರ್ಷದಲ್ಲಿಯೇ ಕಲಿಸತಕ್ಕ ಪಾಠಗಳು. ವಿಜ್ಞಾನವನ್ನು ಓದಲು ಹೋಗುವ ವಿದ್ಯಾರ್ಥಿಯೂ ಅವನ್ನು ಮೊದಲು ಕಲಿಯುವುದು ಭಾಷೆಯ ಉಪಾಧ್ಯಾಯನಿಂದ. ಆ ಉಪಾಧ್ಯಾಯನ ಕೆಲಸವು ಎಷ್ಟು ದೂರದ ವರೆಗೆ ಮುಟ್ಟುವುದೆಂಬುದಕ್ಕೆ ೫೭೪ ಮತ್ತು ೫೭ ಎಂಬ ಎರಡು ಅಂಕಿಗಳೇ ಸಾಕ್ಷಿ.